ಋಷಿಋಣವೂ ಊರ ನಡುವಣ ಶಾಲೆಯೂ

ಬೆಳಗಿನ ಎಂಟೂವರೆಯ ವೇಳೆಗೆ ಮದ್ದೂರಿನ ಬಸ್ ನಿಲ್ದಾಣದಲ್ಲಿ ನಿಂತು, ಕೊಪ್ಪ, ಬೆಸಗರಹಳ್ಳಿ, ಕೆಸ್ತೂರುಗಳ ಕಡೆಯಿಂದ ಬಂದಿಳಿಯುವ ಮಕ್ಕಳನ್ನು ನೋಡಿದವರಿಗೆ, ಈ ಊರಿನಲ್ಲಿ ಹೊಸದೊಂದು ಸಾರ್ವಜನಿಕ ಪ್ರೌಢಶಾಲೆಯನ್ನು ಕಟ್ಟುವುದಾದರೆ ಅದು ಎಲ್ಲಿರಬೇಕೆಂಬ ಪ್ರಶ್ನೆಗೆ ಆ ಮಕ್ಕಳ ಹೆಜ್ಜೆಗಳೇ ಉತ್ತರ ಹೇಳುತ್ತಿರುವಂತೆ ತೋರುತ್ತದೆ. ಆದರೆ ಇಂಥ ವಿಚಾರ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಬೇರೆ: ಊರ ನಡುವಣ ನೆಲ ಬೆಲೆಬಾಳುವಂಥದು, ಅಲ್ಲಿ ಮಳಿಗೆಗಳನ್ನು ಕಟ್ಟಿಸಿದರೆ ಬಾಡಿಗೆ ಬರುತ್ತದೆ, ಶಾಲೆಗೆ ಊರಾಚೆ ಎಲ್ಲಿಯಾದರೂ ಗೋಮಾಳದಲ್ಲಿ ಜಾಗ ನೋಡಿದರಾಯಿತು. ಈ ಮಾತಿನಲ್ಲಿ ಲೆಕ್ಕದ ತಪ್ಪಿಲ್ಲ. ತಪ್ಪಿರುವುದು ಅದರ ಬುಡದಲ್ಲಿರುವ ಒಂದು ಭಾವನೆಯಲ್ಲಿ. ಶಾಲೆಯೆಂಬುದು ಸಮಾಜವು ತನ್ನ ಖರ್ಚು ಕಳೆದು ಮಿಕ್ಕುದರಲ್ಲಿ ಕೊಡತಕ್ಕ ದಾನವೆಂಬ ಭಾವನೆಯಲ್ಲಿ.

ವಿದ್ಯಾದಾನವನ್ನು ನಮ್ಮ ಹಿರಿಯರು ಕೊಂಡಾಡಿದ್ದುಂಟು, ನಿಜ. ಆದರೆ ಅದಕ್ಕಿಂತಲೂ ಪ್ರಾಚೀನವಾದ, ಅದಕ್ಕಿಂತಲೂ ಕಠಿನವಾದ ಮತ್ತೊಂದು ವಿಚಾರ ಶತಪಥ ಬ್ರಾಹ್ಮಣದಲ್ಲಿದೆ. ಮನುಷ್ಯನು ಹುಟ್ಟುವಾಗಲೇ ಋಣಿಯಾಗಿ ಹುಟ್ಟುತ್ತಾನೆ. ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಕಡೆಗೆ ಸಹಮಾನವರಿಗೆ. ಯಜ್ಞದಿಂದ ದೇವಋಣವೂ ಸಂತಾನದಿಂದ ಪಿತೃಋಣವೂ ತೀರುವಂತೆ, ಋಷಿಗಳ ಋಣ ಅಧ್ಯಯನದಿಂದಲೂ ಮನುಷ್ಯರ ಋಣ ಬಂದವರಿಗೆ ಇಂಬು ಕೊಟ್ಟು ಅನ್ನವಿಕ್ಕುವುದರಿಂದಲೂ ತೀರುವುದೆಂದು ಅದರ ಅಭಿಪ್ರಾಯ. ದಾನಿಯಾದವನು ತನಗೆ ತೋಚಿದಷ್ಟನ್ನು, ತೋಚಿದ ದಿನ, ತೋಚಿದೆಡೆಯಲ್ಲಿ ಕೊಡಬಹುದು. ಸಾಲಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಕಾಳನ್ನೆಲ್ಲ ಕಣಜಕ್ಕೆ ತುಂಬಿ ಜೊಳ್ಳನ್ನು ಅಳೆದುಕೊಟ್ಟು ಸಾಲ ತೀರಿತೆನ್ನುವವನನ್ನು ನಮ್ಮ ಯಾವ ಹಳ್ಳಿಯ ನ್ಯಾಯವೂ ಒಪ್ಪಲಾರದು. ಊರಿನ ಮಕ್ಕಳಿಗೆ ಊರಾಚೆಯ ಬೇಡದ ನೆಲವನ್ನು ಕೊಡುವುದು ಹೀಗೆ ಜೊಳ್ಳನ್ನು ಅಳೆದಂತೆಯೇ ಎಂದು ನಾನು ನಂಬಿದ್ದೇನೆ.

ಈ ಋಣದ ಮಾತನ್ನಾಡುವವನು ಇನ್ನೊಂದನ್ನೂ ಮರೆಮಾಚದೆ ಹೇಳಬೇಕು. ಗೋತ್ರವನ್ನು ಹೇಳಲಾರದೆ ಸತ್ಯವನ್ನಷ್ಟೇ ಹೇಳಿದ ಸತ್ಯಕಾಮನನ್ನು ಹಾರಿದ್ರುಮತ ಗೌತಮನು ಶಿಷ್ಯನಾಗಿ ಸ್ವೀಕರಿಸಿದ ಕಥೆಯನ್ನು ಛಾಂದೋಗ್ಯದಲ್ಲಿ ಓದಿ ಹರ್ಷಪಡುವ ನಾವು, ಅದೇ ಬಾಗಿಲನ್ನು ನಮ್ಮ ಜನರಲ್ಲಿ ಬಹುಭಾಗಕ್ಕೆ ಶತಮಾನಗಟ್ಟಲೆ ಮುಚ್ಚಿದ್ದೆವು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಶಾಲೆಗಳು ಪಂಚಮರೆನಿಸಿದವರ ಮಕ್ಕಳಿಗೂ ತೆರೆದಿರತಕ್ಕದ್ದೆಂಬ ನಿಯಮ ಬಂದದ್ದು 1915ರ ಸುಮಾರಿಗೆ. ಅದೂ ವಿರೋಧವಿಲ್ಲದೆ ಬರಲಿಲ್ಲ. ಹೀಗಿರುವಾಗ, ಅಸಲಿನ ಮಾತಿರಲಿ, ನಾವು ಇನ್ನೂ ಬಡ್ಡಿಯನ್ನು ತೀರಿಸುತ್ತಿದ್ದೇವೆ.

ಪ್ರೌಢಶಾಲೆಯ ವಿಷಯದಲ್ಲಿ ಈ ಋಣಕ್ಕೆ ವಿಶೇಷವಾದ ತೀಕ್ಷ್ಣತೆಯುಂಟು. 2002ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಶಿಕ್ಷಣದ ಹಕ್ಕು ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳದು. ಅದನ್ನು ಆಚರಣೆಗೆ ತಂದ 2009ರ ಕಾಯಿದೆಯ ಕೈ ಎಂಟನೆಯ ತರಗತಿಯವರೆಗೆ ಚಾಚುತ್ತದೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳ ಹೊಸ್ತಿಲಿನಲ್ಲಿ, ಹುಡುಗ ಕಬ್ಬಿನ ಗದ್ದೆಯ ಕೂಲಿಗೆ ಒದಗುವ, ಹುಡುಗಿಯ ಮದುವೆಯ ಮಾತು ಮನೆಯಲ್ಲಿ ಮೆಲ್ಲನೆ ಏಳತೊಡಗುವ ವಯಸ್ಸಿನಲ್ಲಿ, ಶಾಸನವು ಮಗುವಿನ ಕೈಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಆ ಕೈಯನ್ನು ಹಿಡಿಯತಕ್ಕದ್ದು ಧರ್ಮವೊಂದೇ. ಧರ್ಮವೆಂದರೆ ಇಲ್ಲಿ ಪೂಜೆಯಲ್ಲ, ಊರಿನ ಕರ್ತವ್ಯ.

ವಿದ್ಯೆಗೆ ಏಕಾಂತ ಬೇಡವೆ, ಋಷಿಗಳ ಆಶ್ರಮಗಳಿದ್ದದ್ದು ಅರಣ್ಯದಲ್ಲಲ್ಲವೆ, ಸಂತೆಯ ಗದ್ದಲದ ನಡುವೆ ಅಧ್ಯಯನ ಹೇಗೆ ಸಾಗೀತು ಎಂದು ಕೇಳುವವರುಂಟು. ಪ್ರಶ್ನೆ ಹಗುರವಾದುದಲ್ಲ. ಆದರೆ ಗುರುಕುಲದ ಶಿಷ್ಯನು ಆಶ್ರಮದಲ್ಲಿಯೇ ವಾಸಮಾಡುತ್ತಿದ್ದನು. ಸಂಜೆ ತಾಯಿಯ ಮನೆಗೆ ಹಿಂದಿರುಗಬೇಕಾದ ಇಂದಿನ ವಿದ್ಯಾರ್ಥಿಯ ಪಾಲಿಗೆ ದೂರವು ತಪಸ್ಸಲ್ಲ, ಅಡ್ಡಿ. ಅಲ್ಲದೆ ಕನ್ನಡನಾಡಿನ ವಿದ್ಯೆ ಕಾಡನ್ನೇ ನೆಚ್ಚಿಕೊಂಡಿರಲಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲಕ್ಕೆ, 945ರ ಶಾಸನವು ವರ್ಣಿಸುವ ಸಾಲೋಟಗಿಯ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ನೆಲಸುತ್ತಿದ್ದರು. ಅವರಿಗೆ ವಸತಿಯ ಏರ್ಪಾಡೂ ಇತ್ತು. ಬಳ್ಳಿಗಾವೆಯು ತಪೋವನವಲ್ಲ, ವರ್ತಕರಿಂದ ಕಿಕ್ಕಿರಿದ ರಾಜಧಾನಿ. ಅಲ್ಲಿಯ ಕೋಡಿಯ ಮಠವನ್ನು 1162ರ ಶಾಸನವು ವೇದ, ವ್ಯಾಕರಣ, ದರ್ಶನಗಳ ಅಧ್ಯಯನಸ್ಥಾನವೆಂದು ಹೊಗಳುವ ಉಸಿರಿನಲ್ಲಿಯೇ ದೀನರಿಗೆ, ಅಂಗಹೀನರಿಗೆ, ಅನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವೆಂದು ಹೊಗಳುತ್ತದೆ. ಋಷಿಋಣವೂ ಮನುಷ್ಯಋಣವೂ ಒಂದೇ ಸೂರಿನಡಿ ತೀರುತ್ತಿದ್ದವೆನ್ನುವುದಕ್ಕೆ ನನಗೆ ಇದಕ್ಕಿಂತ ಪ್ರಿಯವಾದ ನಿದರ್ಶನ ಮತ್ತೊಂದಿಲ್ಲ.

ಮದ್ದೂರಿಗೆ ಈ ಮಾತು ಹೊಸದಾಗಿ ಕಲಿಸಬೇಕಾದದ್ದಲ್ಲ. ಶಿಂಷೆಯ ದಡದ ಈ ಊರು ಬೆಂಗಳೂರು ಮೈಸೂರುಗಳ ನಡುವೆ ಹಾಯುವವರ ಹಸಿವನ್ನು ರೈಲುನಿಲ್ದಾಣದಲ್ಲಿಯೇ ಎದುರುಗೊಂಡ ಊರು. ಇಲ್ಲಿಯ ವಡೆಗೆ ಹೆಸರು ಬಂದದ್ದೂ ಹಾಗೆಯೇ. ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿನ ಅಧಿವೇಶನದ ವೇಳೆ ನಿಷೇಧವನ್ನು ಲೆಕ್ಕಿಸದೆ ಧ್ವಜವನ್ನೇರಿಸಿದ ಜನರಿಗೆ, ಸಾರ್ವಜನಿಕವೆಂಬ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದುದರಿಂದ ನಕ್ಷೆಯನ್ನು ಬರೆಯುವವರು ಮೊದಲು ಬಸ್ಸಿನಿಂದಿಳಿದ ಮಗು ಎಷ್ಟು ಹೆಜ್ಜೆ ನಡೆಯಬೇಕೆಂಬುದನ್ನು ಅಳೆಯಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಆದರೆ ನಿಲ್ದಾಣದಿಂದ ಮುಂದಿನ ಎರಡು ಮೈಲಿಯ ನಿರ್ಜನವಾದ ದಾರಿಯನ್ನು ಯಾವ ಬಸ್ಸೂ ಉಚಿತಗೊಳಿಸಲಾರದು. ಪಾಠದ ಕೊಠಡಿಗಳು ರಸ್ತೆಗೆ ಬೆನ್ನುಮಾಡಿ ಒಳಗಿನ ಅಂಗಳಕ್ಕೆ ಮುಖಮಾಡಿರಲಿ, ಅಂಗಳದಲ್ಲಿ ಹೊಂಗೆಯ ಮರಗಳಿರಲಿ, ಗದ್ದಲಕ್ಕೆ ಅಷ್ಟು ಪರಿಹಾರ ಸಾಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ತಪ್ಪದಿರಲಿ. ಇದನ್ನು ತತ್ತ್ವವಿಚಾರದ ನಡುವೆ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಮತ್ತೊಂದು ಕೊಠಡಿಯನ್ನು ಮಾತ್ರ ರಸ್ತೆಯ ಕಡೆಗೇ ಇಡಬೇಕೆಂದು ನನ್ನ ಬೇಡಿಕೆ. ಸಂಜೆ ಗಂಟೆ ಹೊಡೆದ ಮೇಲೆ ಹಳ್ಳಿಯ ಬಸ್ಸು ಬರುವವರೆಗೆ ಮಕ್ಕಳು ಅಂಗಡಿಗಳ ಮುಂದಿನ ಕಟ್ಟೆಗಳ ಮೇಲೆ, ಯಾರದೋ ನೋಟದ ಕೆಳಗೆ, ಕಾಯುತ್ತ ಕೂರುವುದನ್ನು ನಾನು ಅನೇಕ ದಿನ ಕಂಡಿದ್ದೇನೆ. ಆ ಹೊತ್ತಿಗೆ ಅವರಿಗೊಂದು ವಾಚನಾಲಯ ಬೇಕು: ದೀಪ, ಬೆಂಚು, ಕುಡಿಯುವ ನೀರು, ಪುಸ್ತಕಗಳು, ಬಸ್ಸು ಬಂದದ್ದು ಕಾಣುವಂಥ ಒಂದು ದೊಡ್ಡ ಕಿಟಕಿ.