ಕಿರೀಟ ಬಿಚ್ಚಿದ ಮೇಲೆ

ಆಫೀಸಿನಲ್ಲಿ ಅಪ್ರೈಸಲ್ ಸೀಸನ್ ಬಂದಾಗಲೆಲ್ಲ ನನಗೆ ಯಕ್ಷಗಾನದ ಚೌಕಿ ನೆನಪಾಗುತ್ತೆ. ಸೀನಿಯರ್, ಲೀಡ್, ಪ್ರಿನ್ಸಿಪಲ್ ಅಂತ ನಾವು ಬಡಿದಾಡೋದನ್ನ ಮೇಳದವರು ನಂಬರ್ ಹಾಕಿಯೇ ಮುಗಿಸಿದ್ದಾರೆ. ಬಡಗುತಿಟ್ಟಿನಲ್ಲಿ ಬಣ್ಣ ಹಚ್ಚದ ಭಾಗವತರೇ ಮೊದಲನೇ ವೇಷ, ಪ್ರಧಾನ ಪಾತ್ರಧಾರಿ ಎರಡನೇ ವೇಷ. ಹೊಸ ಹುಡುಗ ಕೋಡಂಗಿ, ಬಾಲಗೋಪಾಲ ಅಂತ ಶುರುಮಾಡಿ ವರ್ಷಗಟ್ಟಲೆ ನೋಡಿ ಕಲಿತು ಮೇಲೆ ಬರಬೇಕಿತ್ತು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾದ ಮೇಲೆ ತರಗತಿಯಲ್ಲೂ ಕಲಿಯಬಹುದು ಅನ್ನಿ.

ಕಾರ್ಕಳದ ಕಡೆಯ ನಮ್ಮೂರಿನ ಹವ್ಯಾಸಿ ತಂಡದಲ್ಲಿ ಇಷ್ಟೆಲ್ಲ ಕಟ್ಟುನಿಟ್ಟಿರಲಿಲ್ಲ. ಮಾತು ಬಲ್ಲವರಿಗೆ ದೊಡ್ಡ ಪಾತ್ರ, ಅಷ್ಟೇ. ಹಾಗಾಗಿ ನಮ್ಮ ತೋಟದಲ್ಲಿ ಅಡಿಕೆ ಗೊನೆ ತೆಗೆಯುತ್ತಿದ್ದವರೊಬ್ಬರು ಕೌರವ. ಅಪ್ಪನಿಗೆ ಮಾತು ಮರೆತುಹೋಗೋದು, ಆದ್ದರಿಂದ ದೂತ. ರಂಗಸ್ಥಳದಲ್ಲಿ ಅಪ್ಪ ಬಾಗಿ "ಪ್ರಭು, ತಾವು..." ಅನ್ನೋರು. ಕೌರವ ಕೂತಲ್ಲಿಂದಲೇ ಗದರೋರು.

ಬೆಳಿಗ್ಗೆ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುವಾಗ ಮಾತು ತುಳುವಿಗೆ ಹೊರಳೋದು. ತುಳುವಿನಲ್ಲಿ ಗೌರವಕ್ಕೆ 'ಈರ್', ಸಲಿಗೆಗೆ ಅಥವಾ ಕೆಳಗಿನವರಿಗೆ 'ಈ'. ಅಪ್ಪ ಅವರಿಗೆ 'ಈ' ಅಂದರು, ಅವರು ಅಪ್ಪನಿಗೆ 'ಈರ್' ಅಂದರು. ವಯಸ್ಸಿನಲ್ಲಿ ಅವರೇ ಹತ್ತು ವರ್ಷ ದೊಡ್ಡವರು.

ನಾನಾಗ ಹೈಸ್ಕೂಲು, ತಪ್ಪೇನೂ ಕಾಣಲಿಲ್ಲ. ಆಟದ ಪಟ್ಟ ಬೆಳಗಾದರೆ ಕಳಚಲೇಬೇಕು, ಅದೇ ಅದರ ಚೆಂದ ಅಂದುಕೊಂಡಿದ್ದೆ. ನಮ್ಮ ಕಡೆ ಕೆಲವು ಗುತ್ತಿನ ಮನೆಗಳಲ್ಲಿ ಗಡಿ ಹಿಡಿದ ಯಜಮಾನರಿಗೆ ಬಿರುದಿನ ಹೆಸರು ಬರುತ್ತೆ, ಅದು ಬೆಳಗಾದರೆ ಕಳಚೋದಲ್ಲ. ಅದಕ್ಕೆ ಹೋಲಿಸಿದರೆ ಕೌರವನ ಕಿರೀಟ ನಿರುಪದ್ರವಿ. ಯಾರ ಜಮೀನನ್ನೂ ಕಿತ್ತುಕೊಳ್ಳಲ್ಲ (ಪಾಂಡವರದ್ದು ಬಿಟ್ಟು).

ಈಗ ಹಾಗನ್ನಿಸಲ್ಲ. ಸುಲಭವಾಗಿ ಕಳಚುತ್ತೆ ಅನ್ನೋದು ನಮಗೇ ಅನುಕೂಲವಾಗಿತ್ತು. ರಾತ್ರಿ ಬಾಗಿದ್ದಕ್ಕೆ ಬೆಳಿಗ್ಗೆ ಯಾರೂ ಲೆಕ್ಕ ಕೇಳಲ್ಲ. ಕೌರವನ ಪಟ್ಟ ಸುಳ್ಳು, ಒಪ್ಪೋಣ. ಆದರೆ ಭಾಗವತರು ಪದ್ಯ ಮುಗಿಸಿದ ತಕ್ಷಣ ಅರ್ಥ ಕಟ್ಟುತ್ತಿದ್ದ ಆ ಮನುಷ್ಯನ ಬುದ್ಧಿ ಸುಳ್ಳಲ್ಲವಲ್ಲ! ನಾವು ಕಿರೀಟದ ಜೊತೆ ಅದನ್ನೂ ಪೆಟ್ಟಿಗೆಗೆ ಹಾಕಿ ಮುಚ್ಚಿದೆವು. ಧಣಿಯ ಪಾತ್ರಕ್ಕೆ ಅಪ್ಪ ಕೋಡಂಗಿಯಿಂದ ಶುರುಮಾಡಿ ಕಲಿತು ಬಂದವರೇನಲ್ಲ, ಹುಟ್ಟಿದ್ದಷ್ಟೇ. ನನಗೂ ಅದು ಹಾಗೇ ಸಿಕ್ಕಿದ್ದು.

ಕಳೆದ ದೀಪಾವಳಿಗೆ ಮಣಿಪಾಲದಿಂದ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಮೊಣಕಾಲು ನೋವು, ಈಗ ವೇಷ ಕಟ್ಟಲ್ಲವಂತೆ. ನಾನು 'ಈರ್' ಅಂದೆ. ಅವರಿಗೆ ಮುಜುಗರವಾಯಿತು, ನನಗೂ. ಹತ್ತು ನಿಮಿಷದ ಮಾತಲ್ಲಿ ಎರಡು ಸಲ ನನ್ನ ಬಾಯಿ ಜಾರಿ 'ಈ' ಬಂತು.