ಆಟದ ಸಾಮಾನೂ ಅಸಂಗ್ರಹವೂ

ಸದ್ಗೃಹಸ್ಥನ ಮನೆಯು ಲಿಂಗಪೂಜೆಯ ಕೋಣೆಯೊಂದರಿಂದಲೇ ಧರ್ಮದ ನೆಲೆಯಾಗುವುದಿಲ್ಲ. ಅಡುಗೆಯ ಮನೆ, ಪಡಸಾಲೆ, ಮಕ್ಕಳು ಆಡುವ ಎಡೆ, ಇವೆಲ್ಲವೂ ಶಿವಾಚಾರದ ಕ್ಷೇತ್ರಗಳೇ. ಆದಕಾರಣ ಅತ್ಯಲ್ಪವೆಂದು ತೋರುವ ಸಂಗತಿಯಲ್ಲಿಯೂ ಧರ್ಮದ ಪ್ರಶ್ನೆಯೊಂದು ಅಡಗಿರಬಹುದು. ಈಗಿನ ಅನೇಕ ಮನೆಗಳಲ್ಲಿ ಕಾಲಿಡಲೂ ಎಡೆಯಿಲ್ಲದಂತೆ ಹರಡಿ ಬಿದ್ದಿರುವ ಮಕ್ಕಳ ಆಟದ ಸಾಮಾನುಗಳು ಅಂತಹದೊಂದು ಸಂಗತಿ. ಗಾಲಿ ಕಳಚಿದ ಮೋಟಾರು, ಕೈ ಮುರಿದ ಬೊಂಬೆ, ಒಮ್ಮೆಯೂ ಮುಟ್ಟದೆ ಡಬ್ಬಿಯಲ್ಲಿಯೇ ಉಳಿದ ಹುಟ್ಟುಹಬ್ಬದ ಉಡುಗೊರೆ, ಹೀಗೆ ರಾಶಿ ಬೆಳೆಯುತ್ತದೆ. ತಾಯಿಯು ದಿನಕ್ಕೆರಡು ಸಲ ಬಾಗಿ ಆಯುತ್ತಾಳೆ, ತಂದೆಯು ಸಿಡಿಮಿಡಿಗೊಳ್ಳುತ್ತಾನೆ. ಕೊನೆಗೊಂದು ದಿನ ಮಗುವು ಶಾಲೆಗೆ ಹೋದ ಹೊತ್ತಿನಲ್ಲಿ ಅರ್ಧ ರಾಶಿಯನ್ನು ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಡುವುದುಂಟು. ಮನೆಯು ಚೊಕ್ಕಟವಾಯಿತು, ಇಲ್ಲದವರ ಮಗುವಿಗೆ ಉಪಕಾರವೂ ಆಯಿತು ಎಂಬ ಸಮಾಧಾನ. ಇದು ದಾಸೋಹವೆನಿಸೀತೆ? ಇದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಅಸಂಗ್ರಹದ ಮಾತು ಬಂದಾಗ 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ನೆನಪಿಗೆ ಬಾರದಿರರು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದುದು ತಮ್ಮದಲ್ಲವೆಂದು ತಿಳಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳು.

ಈ ಕಥೆಯನ್ನು ಅರಿಯದ ಭಕ್ತರಿಲ್ಲ. ಆದರೆ ಅದರಲ್ಲಿ ಒಂದು ಸೂಕ್ಷ್ಮವುಂಟು. ಲಕ್ಕಮ್ಮನು ತಾನೇ ಆ ಅಕ್ಕಿಯನ್ನು ಹೊರಗೆ ಚೆಲ್ಲಲಿಲ್ಲ. ಪತಿಯು ಮಲಗಿರುವಾಗ ನೆರೆಯವರಿಗೆ ಹಂಚಲಿಲ್ಲ. ಕೂಡಿಸಿದ ಕೈಯಿಂದಲೇ ಹಿಂದಿರುಗಿಸಿದಳು. ಅಕ್ಕಿಯು ಮನೆಯಿಂದ ತೊಲಗುವುದಷ್ಟೇ ಆಕೆಗೆ ಬೇಕಾಗಿದ್ದರೆ ದಾರಿಗಳು ಹಲವಿದ್ದವು. ಮಾರಯ್ಯನ ಮನದೊಳಗೆ ಹೊಕ್ಕ ಆಸೆಯು ತೊಲಗಬೇಕಾಗಿದ್ದಿತು. ಅದು ಅವನ ಕೈಯಿಂದಲ್ಲದೆ ಆಗತಕ್ಕ ಕಾರ್ಯವಲ್ಲ.

ಈ ಸೂಕ್ಷ್ಮವನ್ನು ಮನೆಯ ರಾಶಿಗೆ ಹಚ್ಚಿ ನೋಡಿದರೆ ಮೊದಲು ಏಳುವ ಪ್ರಶ್ನೆ: ಕೂಡಿಸಿದವರು ಯಾರು? ಮೂರು ವರುಷದ ಮಗುವಿನ ಕೈಯಲ್ಲಿ ಹಣವಿಲ್ಲ. ಅದು ಅಂಗಡಿಗೆ ತಾನಾಗಿ ಹೋಗಲಾರದು. ಅಜ್ಜನು ಅಕ್ಕರೆಯಿಂದ ತಂದನು, ಅತ್ತೆಯು ಸಂಭ್ರಮದಿಂದ ಕಳುಹಿಸಿದಳು, ಮಗುವಿನೊಡನೆ ಕುಳಿತು ಆಡಲು ಬಿಡುವಿಲ್ಲದ ತಂದೆಯು ತನ್ನ ಬದಲಿಗೆ ಒಂದು ಬೊಂಬೆಯನ್ನು ಇಟ್ಟನು. ನೆರೆಮನೆಯ ಮಗುವಿಗಿದ್ದುದು ತಮ್ಮ ಮಗುವಿಗೂ ಇರಲೆಂಬ ಅಭಿಮಾನವು ಇನ್ನೆರಡನ್ನು ಸೇರಿಸಿತು. ಆದುದರಿಂದ ನೆಲದ ಮೇಲೆ ಹರಡಿರುವುದು ಹೆಚ್ಚಾಗಿ ಹಿರಿಯರ ಆಸೆಯೇ ಹೊರತು ಮಗುವಿನದಲ್ಲ. ರಾಶಿಗಾಗಿ ಮಗುವನ್ನು ಗದರಿಸುವುದು ತಾನು ತಂದ ಅಕ್ಕಿಗೆ ಬೇರೊಬ್ಬರನ್ನು ಹೊಣೆ ಮಾಡಿದಂತೆ.

ಮಗುವಿಗೆ ಬೇಕಾದುದು ಎಷ್ಟು ಅಲ್ಪವೆಂಬುದನ್ನು ಈಚಿನ ವಿಚಾರವಂತರೂ ಕಂಡಿದ್ದಾರೆ. ಅಮೆರಿಕೆಯ ಟೊಲಿಡೊ ವಿಶ್ವವಿದ್ಯಾಲಯದವರು ಒಂದೂವರೆ ವರುಷದಿಂದ ಎರಡೂವರೆ ವರುಷದವರೆಗಿನ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಡನೆ, ಇನ್ನೊಮ್ಮೆ 16 ಆಟಿಕೆಗಳೊಡನೆ ಆಡಗೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದವು. ಸಣ್ಣ ಪ್ರಯೋಗವೊಂದರಿಂದ ಎಲ್ಲವೂ ಸಿದ್ಧವಾಗದಿದ್ದರೂ, ಹೆಚ್ಚು ಕೊಟ್ಟರೆ ಹೆಚ್ಚು ಸುಖವೆಂಬ ಭ್ರಮೆಯು ಇದರಿಂದ ಸಡಿಲವಾಗುತ್ತದೆ. ಉತ್ತರ ಕರ್ನಾಟಕದ ಹಿರಿಯರಿಗೆ ಇದು ಹೊಸ ಮಾತಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಹಿಡಿಮಣ್ಣಿನಿಂದ ಎತ್ತುಗಳನ್ನು ಮಾಡಿ, ಪೂಜಿಸಿ, ಮಕ್ಕಳು ಅವುಗಳೊಡನೆ ನಲಿಯುತ್ತವೆ. ಬಳಿಕ ಆ ಎತ್ತುಗಳು ನೀರು ಮಣ್ಣುಗಳನ್ನೇ ಸೇರುತ್ತವೆ. ಮನೆಯಲ್ಲಿ ರಾಶಿಯು ಉಳಿಯದು, ಮಗುವಿನಲ್ಲಿ ಹಬ್ಬವು ಉಳಿಯುವುದು.

ಇನ್ನು ಮುಖ್ಯ ಪ್ರಶ್ನೆ. ಮಗುವಿಗೆ ಹೇಳದೆ ಅದರ ಸಾಮಾನನ್ನು ಹಿರಿಯರು ದಾನ ಮಾಡಬಹುದೆ? ತಂದು ಕೊಟ್ಟವರು ತಾವೇ, ಮಗುವಿಗೆ ತಿಳಿವಿಲ್ಲ, ಕೆಲವು ದಿನದಲ್ಲಿ ಮರೆಯುತ್ತದೆ ಎಂದು ವಾದಿಸುವವರಿದ್ದಾರೆ. ಈ ಮಾತಿನಲ್ಲಿ ಸ್ವಲ್ಪ ನಿಜವುಂಟು. ಚೂಪಾಗಿ ಮುರಿದುದನ್ನೂ ಕೂಸು ನುಂಗಬಹುದಾದ ಸಣ್ಣ ತುಣುಕನ್ನೂ ಯಾರನ್ನೂ ಕೇಳದೆ ತೆಗೆದಿಡಬೇಕಾದುದು ಹಿರಿಯರ ಕರ್ತವ್ಯ. ಇನ್ನೂ ಮಾತು ಬಾರದ ಕೂಸಿನ ಪರವಾಗಿ ಅವರೇ ನಿರ್ಣಯಿಸಬೇಕು. ಆದರೆ ‘ಇದು ನಿನ್ನದು’ ಎಂದು ಹೇಳಿ ಕೈಗಿತ್ತ ಮೇಲೆ, ತಿಳಿವು ಮೂಡಿದ ಮಗುವಿನ ಪಾಲಿಗೆ ಅದು ನಿಜವಾಗಿಯೂ ಅದರದೇ. ಪರಧನವನ್ನು ಮುಟ್ಟಬಾರದೆಂಬ ಶರಣರ ವಿಧಿಗೆ ಒಡೆಯನ ವಯಸ್ಸಿನ ಮಿತಿಯಿಲ್ಲ. ಹುಟ್ಟಿದ ಕೂಸಿಗೂ ಲಿಂಗಧಾರಣೆ ಮಾಡಿ ಗೌರವಿಸುವ ಸಮಾಜವು ಅದೇ ಮಗುವಿನ ಮಾತಿಗೆ ಬೆಲೆಯಿಲ್ಲವೆನ್ನುವುದು ಸಲ್ಲದು. ಮೇಲಾಗಿ, ಶಾಲೆಯಿಂದ ಮರಳಿ ಬಂದು ತನ್ನ ಬೊಂಬೆಯನ್ನು ಕಾಣದ ಮಗುವು ಅಸಂಗ್ರಹವನ್ನು ಕಲಿಯುವುದಿಲ್ಲ; ಬಚ್ಚಿಡುವುದನ್ನು ಕಲಿಯುತ್ತದೆ. ಬಲವಂತದ ತ್ಯಾಗದಿಂದ ಲೋಭವು ಇನ್ನಷ್ಟು ಆಳಕ್ಕೆ ಇಳಿಯುವುದು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಹಿರಿಯರು ತಮ್ಮ ಕೈಯನ್ನು ಹಿಡಿಯಬೇಕು. ಹತ್ತು ಅಗ್ಗದ ಸಾಮಾನುಗಳ ಬದಲು, ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಚನ್ನಪಟ್ಟಣದ ಕುಶಲಿಗಳ ಒಂದು ಬೊಂಬೆಯನ್ನು ತಂದರೆ ಅದು ಬಹುಕಾಲ ಬಾಳುತ್ತದೆ, ಕಾಯಕಜೀವಿಯೊಬ್ಬನ ಒಲೆಯೂ ಉರಿಯುತ್ತದೆ. ಮನೆಯಲ್ಲಿ ಈಗಾಗಲೇ ಇರುವುದರಲ್ಲಿ ಕೆಲವನ್ನು ಮಾತ್ರ ಹೊರಗಿರಿಸಿ, ಉಳಿದುದನ್ನು ಟ್ರಂಕಿನಲ್ಲಿಟ್ಟು, ಆಗಾಗ ಬದಲಿಸಬಹುದು. ಆಟ ಮುಗಿದೊಡನೆ ಸಾಮಾನನ್ನು ಅದರ ಎಡೆಗೆ ಸೇರಿಸುವುದನ್ನು ದಂಡನೆಯಾಗಿ ಹೇರಬಾರದು. ತಾಯಿತಂದೆಗಳು ಜೊತೆಯಲ್ಲಿ ಕುಳಿತು ಮಾಡಿದರೆ ಅದೇ ಮಗುವಿನ ಮೊದಲ ಕಾಯಕವಾಗುವುದು.

ಕೊಡುವ ದಿನ ಬಂದಾಗ ಆರಿಸುವುದು ಮಗುವೇ ಆಗಲಿ, ಕೊಡುವ ಕೈಯೂ ಅದರದೇ ಆಗಲಿ. ಮುರಿದುದನ್ನು ಬಡವರ ಮನೆಗೆ ಸಾಗಿಸುವುದು ದಾಸೋಹವಲ್ಲ, ಕಸವನ್ನು ಬೇರೆಯವರ ಅಂಗಳಕ್ಕೆ ದಾಟಿಸುವುದಷ್ಟೇ. ಲಿಂಗಕ್ಕೆ ಅರ್ಪಿಸುವ ಹೂವು ಬಾಡಿರಬಾರದೆಂದು ಎಣಿಸುವ ಭಕ್ತನು ಜಂಗಮಪ್ರಾಣಿಯಾದ ಮಗುವಿಗೆ ಕೊಡುವ ಬೊಂಬೆಯನ್ನೂ ಒರೆಸಿ, ಸರಿಪಡಿಸಿ ಕೊಡಬೇಕು. ಹರಿದ ಕಿವಿಯ ಬಟ್ಟೆಯ ಮೊಲವೊಂದನ್ನು ಮಗುವು ಎದೆಗವಚಿ ಬಿಡೆನೆಂದರೆ ಬಿಡಲಿ, ಅದು ಅಲ್ಲಿಯೇ ಇರಲಿ. ಅದು ಸಂಗ್ರಹವಲ್ಲ, ಸ್ನೇಹ.

ಇಷ್ಟಾದರೂ ಪಡಸಾಲೆಯು ಕೆಲವು ದಿನ ಹರಡಿಕೊಂಡೇ ಇದ್ದೀತು. ಮಗುವು ತಾನಾಗಿ ಒಂದು ಬೊಂಬೆಯನ್ನು ಎತ್ತಿ ‘ಇದು ಅವನಿಗಿರಲಿ’ ಎನ್ನುವವರೆಗೆ ಕಾಯುವ ತಾಳ್ಮೆಯು ತಾಯಿತಂದೆಗಳಿಗೆ ಬೇಕು. ಆ ಒಂದು ಮಾತಿಗಾಗಿ ಇನ್ನೆರಡು ತಿಂಗಳು ಬಾಗಿ ಆಯುವುದು ನಷ್ಟವೇನೂ ಅಲ್ಲ.