ಬರಿಯ ಗುಳಿಗೆಯ ಧರ್ಮ

ಔಷಧವಿಲ್ಲದಿರಬಹುದಾದ ಗುಳಿಗೆಯೊಂದನ್ನು ರೋಗಿಯಾದ ಮಗುವಿಗೆ ಕೊಡುವುದು ಧರ್ಮವೇ?

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ವ್ಯಾಧಿ. ದೇಹದ ರಸಗಳು ಅಂಟಾಗಿ ನಾಳಗಳಲ್ಲಿ ಕಟ್ಟಿಕೊಳ್ಳುತ್ತವೆ. ಶ್ವಾಸಕೋಶ ಕೆಡುತ್ತದೆ, ಉಂಡ ಜಿಡ್ಡು ಅರಗುವುದಿಲ್ಲ, ಕೆಲವು ಮಕ್ಕಳಲ್ಲಿ ಪಿತ್ತನಾಳಗಳು ಮುಚ್ಚಿ, ಎಳೆಯ ವಯಸ್ಸಿನಲ್ಲೇ ಯಕೃತ್ತು ಗಡುಸಾಗುತ್ತದೆ. ಪಿತ್ತರಸದಲ್ಲಿ ಟಾರೀನ್ ಎಂಬ ವಸ್ತುವಿಗೆ ಪಾತ್ರವುಂಟು. ಈ ಮಕ್ಕಳಲ್ಲಿ ಅದು ಮಲದೊಡನೆ ಪೋಲಾಗುತ್ತದೆ. ಪೋಲಾದುದನ್ನು ತುಂಬಿಕೊಟ್ಟರೆ ಹಿತವಾದೀತೆಂಬ ಊಹೆ ಸಹಜವೇ. ಇಟಲಿಯ ವೈದ್ಯರು ಅದನ್ನು ಯಕೃತ್ತು ಕೆಟ್ಟಿದ್ದ 55 ರೋಗಿಗಳಲ್ಲಿ ಒಂದು ವರ್ಷ ಪರೀಕ್ಷಿಸಿ, 1996ರಲ್ಲಿ ಫಲವನ್ನು ಪ್ರಕಟಿಸಿದರು. ಕೆಲವರಿಗೆ ಟಾರೀನ್, ಕೆಲವರಿಗೆ ಬರಿಯ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಪೋಷಣೆಗೆ ಅಲ್ಪ ಸಹಾಯ ಕಂಡಿತು. ಯಕೃತ್ತಿಗೆ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ.

ತಾಯಿಯೊಬ್ಬಳು ಕೇಳಿಯಾಳು: ಹಿತವಾಗಬಹುದಾದುದನ್ನು ಎಲ್ಲರಿಗೂ ಕೊಟ್ಟಿದ್ದರೆ ಏನು ನಷ್ಟವಾಗುತ್ತಿತ್ತು? ಈ ಮಾತನ್ನು ತಳ್ಳಿಹಾಕಲಾಗದು. ಅವಳ ಮಗುವಿಗೆ ಆ ಒಂದು ವರ್ಷ ಮತ್ತೆ ಬಾರದು.

ಆದರೆ ಪರೀಕ್ಷಿಸದ ಕರುಣೆಯ ಕತೆಯೂ ಒಂದುಂಟು. ಜಿಡ್ಡು ಅರಗದ ಈ ಮಕ್ಕಳಿಗೆ ಜಿಡ್ಡೇ ಬೇಡವೆಂದು ವೈದ್ಯರು ದಶಕಗಳ ಕಾಲ ಪಥ್ಯ ವಿಧಿಸಿದ್ದರು. ಟೊರಾಂಟೋದ ವೈದ್ಯರು 1970ರ ದಶಕದಲ್ಲಿ ಅದನ್ನು ಕೈಬಿಟ್ಟು, ಜೀರ್ಣಕಿಣ್ವಗಳನ್ನು ಧಾರಾಳವಾಗಿ ಕೊಟ್ಟು, ಜಿಡ್ಡಿನ ಊಟವನ್ನೇ ಉಣ್ಣಿಸಿದರು. 1988ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಅರ್ಧದಷ್ಟು ರೋಗಿಗಳು ಮುಟ್ಟುವ ವಯಸ್ಸು ಬಾಸ್ಟನ್ನಿನಲ್ಲಿ 21, ಟೊರಾಂಟೋದಲ್ಲಿ 30. ಎರಡೂ ಕಡೆಯ ಉಪಚಾರದಲ್ಲಿ ಎದ್ದು ಕಂಡ ವ್ಯತ್ಯಾಸ ಊಟದ್ದು. ಹಳೆಯ ಪಥ್ಯವನ್ನು ವಿಧಿಸಿದವರಲ್ಲಿ ಮರುಕಕ್ಕೇನೂ ಕೊರತೆಯಿರಲಿಲ್ಲ, ಅನುಮಾನಕ್ಕೆ ಕೊರತೆಯಿತ್ತು.

ಬೇಡವೆನ್ನುವುದರಲ್ಲಿ ಅಪಾಯವಿರುವಂತೆ ಕೊಡುವುದರಲ್ಲಿಯೂ ಉಂಟು. ಎ ಜೀವಸತ್ವ ಈ ಮಕ್ಕಳಿಗೆ ಅವಶ್ಯ. ಅತಿಯಾದರೆ ಅದು ಕೆಡಿಸುವುದು ಯಕೃತ್ತನ್ನೇ.

ಆದಕಾರಣ ಬರಿಯ ಗುಳಿಗೆಯನ್ನು ನಾನು ವಂಚನೆ ಎನ್ನಲಾರೆ. ಆದರೆ ಅದಕ್ಕೆ ಮೂರು ಕಟ್ಟಳೆಗಳು ಬೇಕು. ಗುಣ ಖಚಿತವಾಗಿರುವ ಕಿಣ್ವವನ್ನೂ ಅನ್ನವನ್ನೂ ಯಾರಿಗೂ ತಪ್ಪಿಸಕೂಡದು. ಗುಳಿಗೆ ಬರಿಯದಾಗಿರಬಹುದೆಂದು ತಂದೆತಾಯಿಗಳಿಗೂ, ತಿಳಿಯುವ ವಯಸ್ಸಿನ ಮಗುವಿಗೂ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಬಂದ ಫಲ ನಿರಾಶೆಯದಾದರೂ ಬಚ್ಚಿಡಕೂಡದು.

ಇಷ್ಟೆಲ್ಲ ಪಾಲಿಸಿದ ಮೇಲೂ ಒಂದು ಋಣ ಉಳಿಯುತ್ತದೆ. ಮುಂದೆ ಹುಟ್ಟುವ ಮಕ್ಕಳಿಗೆ ಉತ್ತರ ದೊರೆಯಲೆಂದು ಒಂದು ಮಗು ತನ್ನ ಬಾಳಿನ ಒಂದು ವರ್ಷವನ್ನು ಕೊಟ್ಟಿರುತ್ತದೆ. ಅದು ದಾನ. ಪಡೆದವರು ನಾವು, ದಾನಿಯ ಹೆಸರು ಮಾತ್ರ ನಮಗೆ ಗೊತ್ತಿರುವುದಿಲ್ಲ.